ಹಗಲು ಹಾಕಿದ ಬಾಗಿಲು

ನನ್ನ ಬೆರಳಿನ ರಕ್ತ ಈಗ ಯಾವುದೋ ದೊಡ್ಡ ಊರಿನ ತಂಪು ಪೆಟ್ಟಿಗೆಯಲ್ಲಿ ಇದೆಯಂತೆ. ಅದರಲ್ಲಿ ಏನು ಕಂಡಿತು ಎಂದು ಅಲ್ಲಿಯವರಿಗೆ ಗೊತ್ತು. ಅದು ಯಾರ ರಕ್ತ ಎಂದು ಗೊತ್ತಿಲ್ಲ. ಯಾರ ರಕ್ತ ಎಂದು ನನಗೆ ಗೊತ್ತು. ಅದರಲ್ಲಿ ಏನು ಕಂಡಿತು ಎಂದು ಗೊತ್ತಿಲ್ಲ. ಇದಕ್ಕೆ ಸಂಶೋಧನೆ ಎನ್ನುತ್ತಾರೆ.

ನಾನು ಸುಮಲತಾ. ಅಂಕೋಲೆ ಕಡೆಯ ಬೆಳಂಬಾರದ ಮೀನುಗಾರರ ಕೇರಿಯವಳು. ಹತ್ತನೇ ಕ್ಲಾಸು ಪಾಸಾಗಿದ್ದೇನೆ. ಪಾಸಾದದ್ದಕ್ಕೆ ತಲೆಯ ಮೇಲೆ ಬಂದದ್ದು ಮೀನು ಬುಟ್ಟಿ. ಗಂಡ ಮಾದೇವ ಗೋವಾದ ಟ್ರಾಲರಿನಲ್ಲಿ ದುಡಿಯುತ್ತಾನೆ. ಮಳೆಗಾಲದಲ್ಲಿ ಮೀನುಗಾರಿಕೆ ಬಂದಾದಾಗ ಮನೆಗೆ ಬರುತ್ತಾನೆ, ಹಬ್ಬಕ್ಕೊಮ್ಮೆ ಬಂದು ಮುಖ ತೋರಿಸುತ್ತಾನೆ. ಉಳಿದಂತೆ ಮನೆಯಲ್ಲಿ ನಾನು ಮತ್ತು ನನ್ನ ಅತ್ತೆ ಗಂಗೂ. ಅತ್ತೆಯ ಬಾಯಿ ದೊಡ್ಡದು. ಆ ಬಾಯಿಯಿಂದಲೇ ನಾವಿಬ್ಬರೂ ಬದುಕಿದ್ದೇವೆ ಎಂದರೂ ಸುಳ್ಳಲ್ಲ.

ಎರಡು ಸಾವಿರದ ಆರನೇ ಇಸವಿ, ದೀಪಾವಳಿ ಮುಗಿದಿತ್ತು. ಬಂಗಡೆ ಮೀನು ಬಲೆಗೆ ಚೆನ್ನಾಗಿ ಬೀಳುತ್ತಿದ್ದ ದಿನಗಳು. ಕೇರಿಗೆ ಬಿಳಿ ಜೀಪು ಬಂತು. ಅದರಿಂದ ಜಗದೀಶ ಸರ್ ಇಳಿದರು, ಅವರ ಹಿಂದೆ ಚೀಲ ಹೊತ್ತ ಹುಡುಗಿಯರು ಇಳಿದರು. ಜಗದೀಶ ಸರ್ ಬೆಂಗಳೂರಿನವರು, ತಂಡದ ಮುಖ್ಯಸ್ಥರು. ಮರಳಿನ ಮೇಲೆ ಬೂಟು ಹಾಕಿಕೊಂಡು ನಿಂತು, ಏಡ್ಸ್ ಬಗ್ಗೆ ಮತ್ತು ಹೆಂಗಸರ ಆರೋಗ್ಯದ ಬಗ್ಗೆ ಸಮೀಕ್ಷೆ ಮಾಡುತ್ತೇವೆ, ಇದರಿಂದ ದೇಶಕ್ಕೆ ಉಪಯೋಗ ಎಂದರು. ದೇಶ ನಮ್ಮ ಕೇರಿಗೆ ಬಂದದ್ದು ಅದು ಎರಡನೇ ಸಲ. ಅದಕ್ಕೂ ಮುಂಚೆ ಓಟಿನ ಸಮಯದಲ್ಲಿ ಬಂದು, ನಲ್ಲಿ ಹಾಕಿಸುತ್ತೇನೆ ಎಂದು ಹೇಳಿ ಹೋಗಿತ್ತು.

ನಮ್ಮ ಕೇರಿಯನ್ನೇ ಯಾಕೆ ಆರಿಸಿದಿರಿ ಎಂದು ನಾನು ಕೇಳಿದೆ. ಗಂಡಸರು ದುಡಿಯಲು ಹೊರಗೆ ಹೋಗುವ ಕೇರಿ, ಆದ್ದರಿಂದ ಅಪಾಯ ಹೆಚ್ಚು ಎಂದರು. ಅಂಕೋಲೆಯ ಪಕ್ಕದ ಬೊಬ್ರುವಾಡದಲ್ಲಿ ಆಗ ನಾನು ಮೀನು ಕೊಡುತ್ತಿದ್ದ ಮನೆಯ ಯಜಮಾನ ತುಳಸಿದಾಸ ರಾಯರು ಪ್ರತಿ ಶನಿವಾರ ಆಫೀಸು ಮುಗಿಸಿ ಗೋವಾಕ್ಕೆ ಹೋಗುತ್ತಾರೆ. ಭಾನುವಾರ ಸಂಜೆ ಕೆಂಪು ಕಣ್ಣು ಮಾಡಿಕೊಂಡು ಬರುತ್ತಾರೆ. ಅಲ್ಲಿಗೆ ಜೀಪು ಹೋಗಲಿಲ್ಲ. ಪ್ಯಾಂಟು ಹಾಕಿಕೊಂಡು ಗೋವಾಕ್ಕೆ ಹೋದರೆ ಅದು ತಿರುಗಾಟ. ಲುಂಗಿ ಉಟ್ಟು ಹೋದರೆ ಅಪಾಯ.

ಎಲ್ಲ ಮನೆಗೂ ಅವರು ಹೋಗಲಿಲ್ಲ. ಚೀಟಿ ಎತ್ತಿದ ಹಾಗೆ ಕೆಲವು ಮನೆ ಆರಿಸಿದರು. ನಮ್ಮ ಮನೆಯೂ ಬಂತು. ಅತ್ತೆ ಖುಷಿಯಿಂದ ಸೀರೆ ಸರಿಮಾಡಿಕೊಂಡು ಮುಂದೆ ಬಂದು ಕೂತಳು. ವಿನುತಾ ಎಂಬ ಧಾರವಾಡದ ಹುಡುಗಿ ವಯಸ್ಸು ಕೇಳಿದಳು. ಅತ್ತೆ, ದೊಡ್ಡ ಗಾಳಿ ಬಂದು ದೋಣಿಗಳೆಲ್ಲ ಒಡೆದು ಹೋದ ವರ್ಷ ನನ್ನ ಮದುವೆ ಎಂದಳು. ವಿನುತಾ ಲೆಕ್ಕ ಹಾಕಿ, "ಇಲ್ರಿ ಅಜ್ಜಿ, ನಲವತ್ತೊಂಬತ್ತು ದಾಟಿದವ್ರು ಬೇಡ್ರಿ" ಎಂದಳು.

"ಎಂತಕ್ಕೆ? ನಲವತ್ತೊಂಬತ್ತು ದಾಟಿದವ್ರಿಗೆ ರೋಗ ಬರೂದಿಲ್ವಾ?"

"ಹಂಗಲ್ರಿ..."

"ನನ್ ಗಂಡ ಸತ್ತು ಇಷ್ಟ್ ವರ್ಷ ಆಯ್ತು. ನಂಗೆ ಯಾರೂ ಒಂದ್ ಮಾತು ಕೇಳಿಲ್ಲ. ಈಗ ಕೇಳುಕೆ ಬಂದವ್ರೂ ಬೇಡ ಅಂತ್ರು. ಹೋಗ್ಲಿ ಬಿಡು" ಎಂದು ಅತ್ತೆ ಸೆರಗು ಕೊಡವಿ ಎದ್ದಳು. ಆ ಸಿಟ್ಟು ಅವಳಿಗೆ ಬಹಳ ದಿನ ಇಳಿಯಲಿಲ್ಲ.

ಅತ್ತೆ ಹೊರಗೆ ಹೋದ ಮೇಲೆ ವಿನುತಾ ಬಾಗಿಲು ಹಾಕಿದಳು.

ಇಲ್ಲೇ ಎಡವಟ್ಟಾಯಿತು. ನಮ್ಮ ಕೇರಿಯಲ್ಲಿ ಹಗಲು ಬಾಗಿಲು ಹಾಕುವ ರೂಢಿಯಿಲ್ಲ. ಅಂಗಳದಲ್ಲಿ ಮೀನು ಒಣಗುತ್ತಿರುತ್ತದೆ, ಕಾಗೆ ಬಂದರೆ ಯಾವ ಮನೆಯವರಾದರೂ ಓಡಿಸುತ್ತಾರೆ. ಬೆಂಕಿ ಬೇಕಾದವರು, ಉಪ್ಪು ಬೇಕಾದವರು ಸೀದಾ ಒಳಗೆ ಬರುತ್ತಾರೆ. ಹಗಲು ಬಾಗಿಲು ಹಾಕಿದೆ ಎಂದರೆ ಒಳಗೆ ಹೆರಿಗೆ ನಡೆಯುತ್ತಿದೆ, ಇಲ್ಲವೇ ಹೆಣ ಮೀಯಿಸುತ್ತಿದ್ದಾರೆ. ಬಾಗಿಲು ಹಾಕಬೇಡಿ ಎಂದು ನಾನು ಹೇಳಿದೆ. ಹಾಕಲೇಬೇಕು, ನಿಯಮ, ನೀವು ಹೇಳಿದ್ದು ಗುಟ್ಟಾಗಿರಬೇಕು ಎಂದಳು. ನನ್ನ ಗುಟ್ಟು ಕಾಪಾಡಲಿಕ್ಕೆ ಅವಳು ಕೇರಿಗೆಲ್ಲ ಡಂಗುರ ಹೊಡೆದಳು. ಪಾಪ, ಅದು ಅವಳಿಗೆ ತಿಳಿಯಲಿಲ್ಲ.

ಒಳಗೆ ಸೆಕೆ. ವಿನುತಾ ತಲೆ ಎತ್ತದೆ ಓದುತ್ತಾ ಹೋದಳು. ಮನೆಯಲ್ಲಿ ಫ್ರಿಜ್ ಇದೆಯೇ? ಇಲ್ಲ. ಕಾರು ಇದೆಯೇ? ಇಲ್ಲ. ಶೌಚಾಲಯ ಎಲ್ಲಿದೆ? ಸಮುದ್ರದ ದಂಡೆಯಲ್ಲಿ. ಅದು ಸ್ವಂತದ್ದೋ ಬೇರೆಯವರ ಜೊತೆ ಹಂಚಿಕೊಂಡದ್ದೋ? ಅರಬ್ಬಿ ಸಮುದ್ರ ಸ್ವಂತದ್ದಲ್ಲ ಎಂದು ಬರೆದುಕೊಳ್ಳಿ ಎಂದೆ. ಅವಳು ಬರೆದುಕೊಂಡಳು.

ಆಮೇಲೆ ಗಂಡ ಹೆಂಡತಿಯನ್ನು ಹೊಡೆಯುವ ಪ್ರಶ್ನೆ ಬಂತು. ಹೇಳದೆ ಹೊರಗೆ ಹೋದರೆ ಹೊಡೆಯುವುದು ಸರಿಯೇ? ಅಡಿಗೆ ಕೆಟ್ಟರೆ ಸರಿಯೇ? ಅತ್ತೆಮಾವಂದಿರಿಗೆ ಮರ್ಯಾದೆ ಕೊಡದಿದ್ದರೆ ಸರಿಯೇ? ಹೀಗೆ ಒಂದೊಂದಾಗಿ, ಅಂಗಡಿಯಲ್ಲಿ ಸಾಮಾನು ತೋರಿಸಿದ ಹಾಗೆ.

"ಅಕ್ಕೋರೆ, ಗಂಡಗೆ ಹೊಡಿಯೂ ಕಾರಣ ಅದ್ರಲ್ಲಿ ಇಲ್ವಾ?"

"ಇಲ್ರಿ. ಅದು ಇಲ್ರಿ ಇದ್ರಾಗ."

"ಹಂಗಾರೆ ಮುಂದಿಂದು ಓದಿ."

ಮುಂದಿನದಕ್ಕೆ ಅವಳ ಮುಖ ಕೆಂಪಾಯಿತು. ಕಳೆದ ಹನ್ನೆರಡು ತಿಂಗಳಲ್ಲಿ ತಾವು ಪತಿಯಲ್ಲದೆ ಬೇರೆ ಎಷ್ಟು ಜನರೊಂದಿಗೆ ಲೈಂಗಿಕ ಸಂಪರ್ಕ ಹೊಂದಿದ್ದೀರಿ? ನನ್ನ ಮೈ ಉರಿಯಿತು. ಬೆಳಗಿನ ಜಾವ ಎದ್ದು ದಂಡೆಗೆ ಹೋಗಿ, ಹರಾಜಿನಲ್ಲಿ ಕೂಗಿ, ಬುಟ್ಟಿ ಹೊತ್ತು, ಟೆಂಪೋದಲ್ಲಿ ನಿಂತು, ಬೊಬ್ರುವಾಡದ ಓಣಿ ಓಣಿ ತಿರುಗಿ, ಮಧ್ಯಾಹ್ನ ಬಂದು ಉಳಿದ ಮೀನು ಸೀಳಿ ಉಪ್ಪು ಹಾಕುವವಳಿಗೆ ಬೇರೆ ಗಂಡಸು ಎಲ್ಲಿಂದ ಬರಬೇಕು? ನನ್ನ ಹತ್ತಿರ ಮಲಗಲು ಬಂದವನಿಗೆ ಬಂಗಡೆಯ ವಾಸನೆಗೇ ನಿದ್ದೆ ಬರುತ್ತದೆ. ಇದನ್ನೆಲ್ಲ ಬರೆಯಲು ಜಾಗ ಇರಲಿಲ್ಲ. ಸೊನ್ನೆ ಎಂದೆ. ಗಂಡ ತಿಂಗಳುಗಟ್ಟಲೆ ಹೊರಗಿರುವವನಾದ್ದರಿಂದ ಪ್ರಶ್ನೆಗಳು ಮುಗಿಯಲಿಲ್ಲ. ಅಂಥವರಿಗೆ ಬೇರೆ ಭಾಗವೇ ಇತ್ತು, ಗಂಡ ಅಲ್ಲಿ ಯಾರ ಹತ್ತಿರ ಮಲಗುತ್ತಾನೆ, ನಿರೋಧ್ ಹಾಕಿಕೊಳ್ಳುತ್ತಾನೆಯೇ ಎಂದೆಲ್ಲ.

ಕೊನೆಗೆ ಒಂದು ಒಳ್ಳೆಯ ಪ್ರಶ್ನೆ ಬಂತು. ಬಿಳಿ ಹೋಗುತ್ತದೆಯೇ, ಕಿಬ್ಬೊಟ್ಟೆ ನೋಯುತ್ತದೆಯೇ ಎಂದು. ಆ ಮಾತನ್ನು ಆವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ, ಗಂಡನೂ ಕೇಳಿರಲಿಲ್ಲ. ನಾನು ಎಲ್ಲ ಹೇಳಿದೆ. ವರ್ಷದಿಂದ ಇದೆ. ಬುಟ್ಟಿ ಎತ್ತುವಾಗ ಒಳಗಿನದೆಲ್ಲ ಕೆಳಗೆ ಜಾರಿದ ಹಾಗಾಗುತ್ತದೆ. ಕೆಲವು ದಿನ ನಡೆಯುತ್ತಾ ನಡೆಯುತ್ತಾ ಅಳು ಬರುತ್ತದೆ. ಹೇಳುವಾಗಲೂ ಅಳು ಬಂತು. ವಿನುತಾ ಬರೆದುಕೊಂಡಳು.

"ಔಷಧ ಕೊಡ್ತ್ರಾ ಅಕ್ಕೋರೆ?"

"ಇಲ್ರಿ ಅಕ್ಕಾ. ನಾವು ಬರೇ ಕೇಳೂದ್ರಿ."

ಆ ಹುಡುಗಿಗೂ ನಾಚಿಕೆಯಾಗಿರಬೇಕು. ಕಣ್ಣು ತಪ್ಪಿಸಿ ಚೀಲ ತೆರೆದಳು. ಬೆರಳಿಗೆ ಚುಚ್ಚಿ, ದಪ್ಪ ಕಾಗದದ ಮೇಲೆ ನನ್ನ ರಕ್ತದ ಹನಿ ಇಳಿಸಿದಳು. ಅದು ನೆರಳಿನಲ್ಲಿ ಒಣಗಬೇಕಂತೆ, ಅದಕ್ಕೆ ನೊಣ ಕೂರಬಾರದಂತೆ. ಹೊರಗೆ ಜಗದೀಶ ಸರ್ ಮೂಗಿಗೆ ಕರ್ಚೀಫು ಹಿಡಿದು, "ಇಲ್ಲಿ ನೊಣ ಜಾಸ್ತಿ, ಆ ಮೀನೆಲ್ಲ ತೆಗೀರಮ್ಮ" ಎಂದರು. ನಾವು ಅರ್ಧ ಒಣಗಿದ ಮೀನು ಬಾಚಿ ಬುಟ್ಟಿಗೆ ತುಂಬಿದೆವು. ನಮ್ಮ ಮೀನು ಆ ದಿನ ಒಣಗಲಿಲ್ಲ. ನಮ್ಮ ರಕ್ತ ಚೆನ್ನಾಗಿ ಒಣಗಿತು.

ಹೋಗುವಾಗ ಒಂದು ಪ್ಲಾಸ್ಟಿಕ್ ಡಬ್ಬಿ ಉಡುಗೊರೆ ಕೊಟ್ಟರು. ಕಾರವಾರದ ದೊಡ್ಡ ಆಸ್ಪತ್ರೆಯಲ್ಲಿ ಬೇಕಾದರೆ ಪುಕ್ಕಟೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಹೇಳಿದರು. ಹಾಗಾದರೆ ಈಗ ತೆಗೆದದ್ದು ಎಂತಕ್ಕೆ ಎಂದು ಅತ್ತೆ ಕೇಳುವಷ್ಟರಲ್ಲಿ ಜೀಪು ಹೊರಟಿತ್ತು.

ಪಕ್ಕದ ಮನೆಯ ಕಾಮಿ ಎಲ್ಲ ನೋಡುತ್ತಿದ್ದಳು. ಅವಳ ಮನೆ ಆಯ್ಕೆಯಾಗಿರಲಿಲ್ಲ. ನನ್ನ ಬಾಗಿಲು ಹಾಕಿದಾಗ ಅವಳು ಅನ್ನಕ್ಕೆ ಎಸರಿಟ್ಟಿದ್ದಳಂತೆ. ತೆಗೆದಾಗ ಉಂಡು ಕೈ ತೊಳೆದಿದ್ದಳಂತೆ. ನಮ್ಮ ಕೇರಿಯವಳೇ ಆದ ಬೊಮ್ಮುವಿನ ಬಾಗಿಲು ಹಾಕಿದವರು ಚಹಾ ಕುಡಿಯುವಷ್ಟರಲ್ಲಿ ತೆಗೆದಿದ್ದರು, ಯಾಕೆಂದರೆ ಬೊಮ್ಮುವಿನ ಗಂಡ ಊರಲ್ಲೇ ಇರುವ ಕುಡುಕ, ಆ ಬೇರೆ ಭಾಗದ ಪ್ರಶ್ನೆಗಳು ಅವಳಿಗೆ ಇರಲಿಲ್ಲ. ಕೇರಿಯವರು ತಾವೇ ಲೆಕ್ಕ ಹಾಕಿದರು. ಬೊಮ್ಮುವಿಗೆ ಏನೂ ಇಲ್ಲ. ಸುಮಲತಾಗೆ ಬಹಳ ಇದೆ. ಜೊತೆಗೆ ಬಾಗಿಲು ತೆಗೆದಾಗ ನನ್ನ ಕಣ್ಣು ಅತ್ತು ಕೆಂಪಾಗಿತ್ತು. ಇನ್ನೇನು ಬೇಕು?

ಮಾರನೆಯ ದಿನ ಟೆಂಪೋದಲ್ಲಿ ನನ್ನ ಬುಟ್ಟಿಯ ಪಕ್ಕ ಯಾರೂ ಬುಟ್ಟಿ ಇಡಲಿಲ್ಲ. ಕಾಮಿ ನನ್ನನ್ನು ಕಂಡು ಆಚೆ ಸರಿದಳು. ನಾನು ಕೇಳಿದೆ, ಅವಳು ಸೆಕೆ ಎಂದಳು. ಅಂಕೋಲೆ ಮುಟ್ಟುವಷ್ಟರಲ್ಲಿ ಸುದ್ದಿ ನನಗಿಂತ ಮುಂದೆ ಇಳಿದು ಹೋಗಿತ್ತು.

ಇಲ್ಲಿ ಬುಟ್ಟಿಯ ವಿಷಯ ಹೇಳಬೇಕು. ತುಂಬಿದ ಮೀನು ಬುಟ್ಟಿ ಹೊತ್ತು ಊರೆಲ್ಲ ತಿರುಗಬಹುದು, ಆದರೆ ಒಬ್ಬಳೇ ಇಳಿಸಲು ಬರುವುದಿಲ್ಲ. ಮೀನು ಕೊಳ್ಳುವ ಮನೆಯ ಹೆಂಗಸು ಬಂದು ಒಂದು ಕಡೆ ಕೈ ಕೊಡಬೇಕು. ವ್ಯಾಪಾರ ಮುಗಿದ ಮೇಲೆ ಮತ್ತೆ ಕೈ ಕೊಟ್ಟು ಎತ್ತಿಸಬೇಕು. ಜಾತಿ ಏನೇ ಇರಲಿ, ಎಷ್ಟೇ ದೊಡ್ಡ ಮನೆಯಿರಲಿ, ಬುಟ್ಟಿಗೆ ಕೈ ಕೊಡುತ್ತಾರೆ. ಆಮೇಲೆ ಕೈ ತೊಳೆದುಕೊಳ್ಳುತ್ತಾರೆ, ಅದು ಅವರ ಇಷ್ಟ. ಕೈ ಕೊಡುವುದಿಲ್ಲ ಎಂದರೆ ಮೀನು ಬೇಡ ಎಂದಲ್ಲ, ನೀನೇ ಬೇಡ ಎಂದು ಅರ್ಥ.

ಬೊಬ್ರುವಾಡದಲ್ಲಿ ನನ್ನ ಮೊದಲ ಮನೆ ಗೋದಾವರಿ ಬಾಯಿಯವರದ್ದು. ತುಳಸಿದಾಸ ರಾಯರ ಹೆಂಡತಿ. ನನ್ನ ಅತ್ತೆಯ ಕಾಲದಿಂದ ವಾಡಿಕೆಯ ಮನೆ. ಆ ದಿನ ಅವರು ಜಗಲಿಯ ಮೇಲೆ ನಿಂತು ಇವತ್ತು ಬೇಡ ಎಂದರು. ಮರುದಿನ, ಮನೆಯಲ್ಲಿ ಯಾರೂ ಇಲ್ಲ ಎಂದರು. ಒಳಗೆ ತುಳಸಿದಾಸ ರಾಯರು ಕೆಮ್ಮುತ್ತಿದ್ದರು. ಆಮೇಲೆ ಒಂದು ಬುಧವಾರ, ನಮ್ಮಲ್ಲಿ ಈಗ ಸೋಮವಾರ ಮೀನು ತಿನ್ನುವುದಿಲ್ಲ ಎಂದರು. ಓಣಿಯ ಬೇರೆ ಮನೆಯವರೂ ಗೋದಾವರಿ ಬಾಯಿಯ ಮುಖ ನೋಡಿಯೇ ಬಾಗಿಲಿಗೆ ಬರುತ್ತಿದ್ದರು. ಅವರು ಬೇಡ ಎಂದರೆ ಓಣಿಗೇ ಬೇಡ. ನಾನು ಅದೇ ಬುಟ್ಟಿ ಹೊತ್ತುಕೊಂಡು ಅಂಕೋಲೆಗೆ ಹಿಂದಿರುಗಿ, ಬಸ್ ಸ್ಟ್ಯಾಂಡಿನ ಹತ್ತಿರ ಸಿಕ್ಕಿದ ಬೆಲೆಗೆ ಸುರಿದು ಬರುತ್ತಿದ್ದೆ.

ಕೊನೆಗೆ ಒಂದು ದಿನ ಅಂಗಳದಲ್ಲಿ ನಿಂತು ನೇರವಾಗಿ ಕೇಳಿದೆ. "ಬಾಯಿ, ನಾ ಎಂತ ತಪ್ಪ್ ಮಾಡಿದೆ?"

"ತಪ್ಪಿನ ಮಾತಲ್ವೆ" ಎಂದು ಗೋದಾವರಿ ಬಾಯಿ ಮೆಲ್ಲಗೆ ಹೇಳಿದರು. "ನಾನೂ ಪೇಪರ್ ಓದ್ತೆ. ಮೀನಿಂದ ಆ ರೋಗ ಬರೂದಿಲ್ಲ ಅಂತ ನಂಗೆ ಗೊತ್ತದೆ. ಮುಟ್ಟಿದ್ರೂ ಬರೂದಿಲ್ಲ. ಗೊತ್ತದೆ. ಆದ್ರೂ... ಮನೆಲಿ ಗಂಡಸ್ರು ಇರ್ತ್ರು ನೋಡು. ನೀ ಒಂದ್ಸಲ ಡಾಕ್ಟರ ಹತ್ರ ಬರೆಸ್ಕಂಡ್ ಬಂದ್ಬಿಡು. ಏನೂ ಇಲ್ಲ ಅಂತ."

ಗೊತ್ತಿಲ್ಲದವರಿಗೆ ತಿಳಿಸಿ ಹೇಳಬಹುದು. ಎಲ್ಲ ಗೊತ್ತಿದ್ದು ಆದ್ರೂ ಎನ್ನುವವರಿಗೆ ಏನು ಹೇಳುವುದು? ಕುತ್ತಿಗೆ ಮುರಿಯುವಷ್ಟು ನೋಯುತ್ತಿತ್ತು. ಮಂಜುಗಡ್ಡೆ ಕರಗಿ ಮೀನಿನ ನೀರು ಬೆನ್ನಿಗೆ ಇಳಿಯುತ್ತಿತ್ತು. ಒಮ್ಮೆ ಇಳಿಸಿಕೊಡಿ, ಸುಧಾರಿಸಿಕೊಂಡು ಹೋಗುತ್ತೇನೆ ಎಂದೆ. ಅವರು ಜಗಲಿಯಿಂದ ಇಳಿಯಲಿಲ್ಲ. ನಾನೇ ಮೊಣಕಾಲು ಬಗ್ಗಿಸಿ ಇಳಿಸಲು ಹೋದೆ. ಕಿಬ್ಬೊಟ್ಟೆಯಲ್ಲಿ ಕತ್ತರಿ ಆಡಿಸಿದಂತಾಯಿತು. ಬುಟ್ಟಿ ಮಗುಚಿತು. ಬಂಗಡೆಯೆಲ್ಲ ಅಂಗಳದಲ್ಲಿ. ನಾನು ಅದರ ಮೇಲೆ.

ನಾಯಿ ಬಂತು. ಒಂದು ಬಂಗಡೆ ಕಚ್ಚಿಕೊಂಡು ಹೋಯಿತು. ನಾನು ಮಂಡಿಯೂರಿ ಮಣ್ಣಿನಿಂದ ಮೀನು ಆರಿಸಿ ಸೆರಗಿನಲ್ಲಿ ಒರೆಸಿ ಬುಟ್ಟಿಗೆ ಹಾಕಿದೆ. ಅಷ್ಟು ಹೊತ್ತೂ ಗೋದಾವರಿ ಬಾಯಿ ನೋಡುತ್ತಾ ನಿಂತಿದ್ದರು. ನಾನು ಗೇಟು ದಾಟುವ ಮೊದಲೇ ಬಕೆಟ್ಟಿನಲ್ಲಿ ಫಿನಾಯಿಲ್ ನೀರು ತಂದು ನಾನು ಬಿದ್ದ ಜಾಗಕ್ಕೆ ಹೊಯ್ದರು.

ಇಲ್ಲಿಯವರೆಗೆ ಅವರು ಎಂದು ಬರೆದೆ. ಇನ್ನು ಬರೆಯುವುದಿಲ್ಲ. ಫಿನಾಯಿಲ್ ಹೊಯ್ದವಳು ಅವಳು.

ನಾನು ಕಾರವಾರಕ್ಕೆ ಹೋದೆ. ಜಗದೀಶ ಸರ್ ಇಳಿದುಕೊಂಡಿದ್ದ ಲಾಡ್ಜ್ ಹುಡುಕಿದೆ. ಅವರು ಊಟಕ್ಕೆ ಕೂತಿದ್ದರು. ತಟ್ಟೆಯಲ್ಲಿ ಹುರಿದ ಬಂಗಡೆ ಇತ್ತು. ಯಾರು ಹೊತ್ತು ತಂದ ಬಂಗಡೆ, ಅವಳ ರಕ್ತದಲ್ಲಿ ಏನಿದೆ ಎಂದು ಅವರು ಹೋಟೆಲಿನವನಿಗೆ ಕೇಳಿದಂತೆ ಕಾಣಲಿಲ್ಲ.

"ಸರ್, ನನ್ ರಕ್ತದಲ್ಲಿ ಎಂತ ಬಂತು ಹೇಳಿ. ನಂಗೆ ಮೀನ್ ಮಾರುಕೆ ಆಗೂದಿಲ್ಲ."

"ನೋಡಮ್ಮ, ಅದು ಹೇಳೋ ಹಾಗಿಲ್ಲ. ನಿಮ್ಮ ರಕ್ತಕ್ಕೆ ಈಗ ಹೆಸರಿಲ್ಲ, ಬರೀ ನಂಬರು. ಯಾರಿಗೂ ಹೇಳಲ್ಲ, ಅದು ನಿಮ್ಮ ಹಕ್ಕು."

"ಯಾರಿಗೂ ಬೇಡ ಸರ್. ನಂಗೆ ಹೇಳಿ."

"ನಿಮಗೂ ಹೇಳೋ ಹಾಗಿಲ್ಲ."

"ನನ್ ಹಕ್ಕು ನಂಗೆ ಬೇಡ ಅಂದ್ರೆ?"

"ಹಾಗೆ ಬೇಡ ಅನ್ನೋಕೆ ಅವಕಾಶ ಇಲ್ಲಮ್ಮ." ಅವರು ನಿಜವಾಗಿಯೂ ಮರುಗಿದರು. ಮರುಗುತ್ತಲೇ ಮುಳ್ಳು ಬಿಡಿಸಿದರು. "ನಿಮಗೆ ಆಗ್ತಿರೋದು ತುಂಬಾ ಮುಖ್ಯವಾದ ವಿಷಯ. ಕಳಂಕ ಅಂತ ಕರೀತೀವಿ. ಮುಂದಿನ ಸಮೀಕ್ಷೇಲಿ ಅದರ ಬಗ್ಗೆ ಪ್ರಶ್ನೆ ಸೇರಿಸಬಹುದು."

ನಾನು ಎದ್ದು ಬಂದೆ. ಅವರ ಬೂಟಿಗೆ ಉಗುಳಬೇಕು ಅನ್ನಿಸಿತು. ಉಗುಳಲಿಲ್ಲ, ಬಸ್ಸಿನ ಹೊತ್ತಾಗಿತ್ತು.

ಅಷ್ಟರಲ್ಲಿ ಕೇರಿಗೆ ಬೇರೆಯೇ ಬಿಸಿ ತಾಗಿತ್ತು. ಬೊಬ್ರುವಾಡದವರಿಗೆ ಸುಮಲತಾ ಯಾರು, ಕಾಮಿ ಯಾರು ಎಂದು ಬೇರೆ ಮಾಡಿ ನೋಡುವ ತಾಳ್ಮೆ ಎಲ್ಲಿ? ಬೆಳಂಬಾರದ ಬುಟ್ಟಿಯೇ ಬೇಡ ಎಂದುಬಿಟ್ಟರು. ನನ್ನಿಂದ ದೂರ ಸರಿದ ಕಾಮಿಯೂ ತುಂಬಿದ ಬುಟ್ಟಿ ಹೊತ್ತು ವಾಪಸು ಬಂದಳು. ಬಾಗಿಲು ಹಾಕಿಸಿಕೊಳ್ಳದ ಅವಳಿಗೂ ಯಾರೂ ಕೈ ಕೊಟ್ಟಿರಲಿಲ್ಲ. ಸಂಜೆ ಎಲ್ಲರೂ ನಮ್ಮ ಅಂಗಳಕ್ಕೆ ಬಂದರು. ನನ್ನನ್ನು ಸಮಾಧಾನ ಮಾಡಲಿಕ್ಕಲ್ಲ.

"ಹೋಗಿ ಬರೆಸ್ಕಂಡ್ ಬಾರೆ ಮಾರಾಯ್ತಿ" ಎಂದಳು ಕಾಮಿ. "ನಿನ್ ದೆಸೆಯಿಂದ ನಮ್ ಹೊಟ್ಟೆಗೂ ಮಣ್ಣು ಬಿತ್ತು."

ನಾನು ನಾಳೆಯೇ ಹೋಗಿ ಬರೆಸಿಕೊಂಡು ಬರುತ್ತೇನೆ ಎಂದೆ. ನಿಜವಾಗಿ ಅಂದೆ, ಸೋತು ಹೋಗಿದ್ದೆ. ಆಗ ಅತ್ತೆ ಮೀನು ಕೊಯ್ಯುವ ಕತ್ತಿ ಪಕ್ಕಕ್ಕಿಟ್ಟು ಎದ್ದಳು.

"ರಕ್ತ ತೋರ್ಸಿ ಮೀನ್ ಮಾರೂದಾ? ಇವತ್ತು ಇವ್ಳು ತೋರ್ಸ್ಲಿ. ನಾಳೆ ನೀ ತೋರ್ಸು ಕಾಮಿ. ನಾಡಿದ್ದು ನಿನ್ ಮಗಳು. ಆಮೇಲೆ ವರ್ಷಾ ವರ್ಷಾ ತೋರ್ಸಿ. ಅವ್ರ ರಕ್ತ ಯಾರ್ ನೋಡ್ಯಾರೆ? ನಮ್ ಮೀನು ಅವ್ರ ಹೊಟ್ಟೆಗೆ ಹೋಗ್ತದೆ. ಅವ್ರ ಕೈ ನಮ್ ಬುಟ್ಟಿ ಮುಟ್ತದೆ. ಕೈ ಕೊಡೂಕೆ ಮುಂಚೆ ನಾವೂ ಕೇಳುವಾ. ಉತ್ತರ ಕೊಟ್ಟವ್ರಿಗೆ ಮೀನು."

"ನಿಂಗೆ ತಲೆ ಕೆಟ್ಟದೆ ಗಂಗಕ್ಕಾ" ಎಂದಳು ಕಾಮಿ.

"ಕೆಟ್ಟದೆ. ನಂಗೆ ಕೇಳ್ದೇ ಬಿಟ್ಟದ್ದಕ್ಕೆ ಕೆಟ್ಟದೆ. ಏ ಸುಮಲತಾ, ಆ ಹುಡ್ಗಿ ಎಂತೆಂತಾ ಕೇಳ್ತು ಎಲ್ಲಾ ಹೇಳು ನಂಗೆ."

ನಾನು ಹೇಳಿದೆ. ಅಂಗಳದಲ್ಲಿ, ಎಲ್ಲರ ಎದುರಿಗೆ. ಮೊದಲು ನಕ್ಕರು. ಆಮೇಲೆ ಬೊಮ್ಮು ನನಗೂ ಬಿಳಿ ಹೋಗುತ್ತದೆ ಎಂದಳು. ಕೊನೆಗೆ ಕಾಮಿಯೂ ನನಗೂ ಎಂದಳು.

ಭಾನುವಾರ ಬಂತು. ಬೊಬ್ರುವಾಡದಲ್ಲಿ ಭಾನುವಾರ ಮೀನಿಲ್ಲದೆ ಒಲೆ ಉರಿಯುವುದಿಲ್ಲ. ಗೋದಾವರಿಯ ಮಗಳು ದೀಪಾಲಿ, ಹೊಸ ಅಳಿಯ ಆಶಿಷ ಪಣಜಿಯಿಂದ ಬಂದಿದ್ದರು. ತುಳಸಿದಾಸ ರಾಯರೂ ಅಳಿಯನ ಸಲುವಾಗಿ ಗೋವಾಕ್ಕೆ ಹೋಗದೆ ಮನೆಯಲ್ಲಿದ್ದರು. ಅಳಿಯ ಬಂದ ಮನೆಯಲ್ಲಿ ಸಾದಾ ಸಾರು ಬಡಿಸಿದರೆ ಓಣಿಯಲ್ಲಿ ತಲೆ ಎತ್ತಲಾಗುವುದಿಲ್ಲ. ಪೇಟೆಯ ಮೀನು ಐಸಿನಲ್ಲಿ ಎರಡು ದಿನ ಬಿದ್ದದ್ದು. ನಮ್ಮ ಬುಟ್ಟಿಯಲ್ಲಿ ಬೆಳಿಗ್ಗೆ ತಾನೇ ಬಲೆಯಿಂದ ಬಿಡಿಸಿದ ಬಂಗಡೆ, ಶೆಟ್ಲಿ ಎನ್ನುವ ಸಿಗಡಿ. ಬೆಳಂಬಾರದ ಹೆಂಗಸರೆಲ್ಲ ಒಟ್ಟಾಗಿ ಓಣಿಯೊಳಗೆ ಬಂದದ್ದನ್ನು ಕಂಡು ಗೋದಾವರಿ ಗೇಟಿಗೇ ಬಂದಳು. ನನ್ನನ್ನು ದಾಟಿ ಕಾಮಿಯ ಬುಟ್ಟಿಗೆ ಕೈ ಚಾಚಿದಳು. ಅಳಿಯ ಬಂದರೆ ರೋಗದ ಹೆದರಿಕೆ ಕಡಿಮೆಯಾಗುತ್ತದೆ ಎಂದು ಯಾವ ಸಮೀಕ್ಷೆಯಲ್ಲೂ ಬರೆದಿಲ್ಲ.

ಕಾಮಿ ಒಂದು ಹೆಜ್ಜೆ ಹಿಂದೆ ಸರಿದಳು. ಅತ್ತೆ ಮುಂದೆ ಬಂದಳು.

"ಬಾಯಿ, ಮೀನು ಅದೆ. ಕೊಡ್ತೆ. ಮೊದ್ಲು ನಾ ಕೇಳ್ದದ್ದಕ್ಕೆ ಉತ್ರ ಹೇಳಿ."

"ಎಂತದೇ ಗಂಗೂ?"

"ಹನ್ನೆರ್ಡು ತಿಂಗಳಲ್ಲಿ ನೀವು ಯಜಮಾನ್ರನ್ನ ಬಿಟ್ಟು ಎಷ್ಟು ಗಂಡಸ್ರ ಹತ್ರ ಹೋಗಿದ್ರಿ?"

ಓಣಿಯ ಕಿಟಕಿಗಳೆಲ್ಲ ತೆರೆದವು. ಗೋದಾವರಿ ಬೈಯಲು ಬಾಯಿ ತೆರೆದಳು.

"ಬೈಬೇಡಿ. ಇದು ದೇಶದ ಪ್ರಶ್ನೆ. ನನ್ ಸೊಸೆಗೆ ಕೇಳ್ಯಾರೆ, ಅವ್ಳು ಹೇಳ್ಯಾಳೆ. ಹೋಗ್ಲಿ, ಎರಡನೇದು. ಯಜಮಾನ್ರು ಶನಿವಾರ ಶನಿವಾರ ಗೋವಾಕೆ ಹೋಗ್ತ್ರು. ಅಲ್ಲಿ ಯಾರ ಹತ್ರ ಮಲಗ್ತ್ರು? ಟೋಪಿ ಹಾಕ್ಕಂತ್ರಾ ಇಲ್ವಾ?"

ಜಗಲಿಯ ಮೇಲಿದ್ದ ತುಳಸಿದಾಸ ರಾಯರು ಪೇಪರು ಎತ್ತಿ ಮುಖಕ್ಕೆ ಹಿಡಿದರು. ಅಳಿಯ ಆಶಿಷ ಎದ್ದು ಒಳಗೆ ಹೋದ.

"ಮೂರನೇದು. ಹೆಂಡ್ತಿ ಅಡಿಗೆ ಕೆಡ್ಸಿದ್ರೆ ಹೊಡಿಯೂದು ಸರಿನಾ? ಇವತ್ತು ಮೀನ್ ಇಲ್ದೇ ಅಡಿಗೆ ಕೆಡ್ತದೆ, ಅದ್ಕೇ ಕೇಳ್ದೆ."

ಹಿಂದೆ ನಿಂತವರೆಲ್ಲ ನಕ್ಕರು. ತಲೆಯ ಮೇಲೆ ಬುಟ್ಟಿ ಇದ್ದದ್ದರಿಂದ ಕುತ್ತಿಗೆ ಅಲ್ಲಾಡಿಸದೆ ಹೊಟ್ಟೆಯಲ್ಲೇ ನಕ್ಕರು. ಎದುರು ಮನೆಯ ಮಂಗಲಾ ಬಾಯಿ, ಪಾತ್ರೆ ಹಿಡಿದು ಮೀನಿಗೆ ಬಂದವಳು, ಮುಂದಿನ ಸರದಿ ತನ್ನದೆಂದು ತಿಳಿದು ಪಾತ್ರೆಯೊಂದಿಗೆ ವಾಪಸು ಒಳಗೆ ನಡೆದಳು. ತುಳಸಿದಾಸ ರಾಯರು ಪೇಪರಿನ ಹಿಂದಿನಿಂದ, ಪೊಲೀಸರಿಗೆ ಫೋನ್ ಮಾಡು ಎಂದರು. ಮಾಡಿ ಎಂದಳು ಅತ್ತೆ. ಪೊಲೀಸರು ಬಂದರೆ ಈ ಪ್ರಶ್ನೆ ಅವರೂ ಬರೆದುಕೊಳ್ಳಬೇಕಾಗುತ್ತದೆ. ರಾಯರು ಮಾಡಲಿಲ್ಲ.

ಗೋದಾವರಿ ಹೆಂಡತಿಯರು ಸಾಮಾನ್ಯವಾಗಿ ಮಾಡುವುದನ್ನು ಮಾಡಲಿಲ್ಲ. ಗಂಡನ ಪರ ಕೂಗಾಡಲಿಲ್ಲ. ಗಂಡನ ಕಡೆ ಒಮ್ಮೆ ನೋಡಿದಳು. ಆ ನೋಟ ನನಗೆ ಕಂಡಿತು. ಆಮೇಲೆ ನನ್ನ ಹತ್ತಿರ ಬಂದಳು, ಎಷ್ಟೋ ದಿನದ ಮೇಲೆ. ತುಟಿ ಅಲ್ಲಾಡಿಸದೆ ಕೇಳಿದಳು.

"ಆ ಪರೀಕ್ಷೆ ಮಾಡೂದು... ಕಾರವಾರದಲ್ಲಿ ಎಲ್ಲದೆ?"

ಅವಳ ಕಿವಿಯಲ್ಲಿ ಹೇಳಬಹುದಿತ್ತು. ಅವಳು ಬಯಸಿದ್ದೂ ಅದೇ. ಅವಳ ಗುಟ್ಟು ಅವಳಿಗೆ ಮಾನ. ನನಗೆ ಗುಟ್ಟು ಕೊಟ್ಟದ್ದು ಫಿನಾಯಿಲ್. ನಾನು ಓಣಿಗೆಲ್ಲ ಕೇಳುವಂತೆ ಹೇಳಿದೆ.

"ದೊಡ್ಡ ಆಸ್ಪತ್ರೆಲೇ ಅದೆ ಬಾಯಿ. ನಾಳೆ ಬೆಳಗಿನ ಬಸ್ಸಿಗೆ ನಾ ಹೋಗ್ತೆ, ನನ್ ಹೊಟ್ಟೆನೋವಿಗೆ ಔಷಧ ತರುಕೆ. ನೀವೂ ಬನ್ನಿ. ಒಂದೇ ಸೀಟಲ್ಲಿ ಕೂತ್ಕಂಡ್ ಹೋಗುವಾ."

ಅವಳ ಮುಖ ಸುಣ್ಣವಾಯಿತು. "ನಂಗೆಂತಕ್ಕೆ? ನಾ ಕೆಲಸದವ್ಳ ಸಲುವಾಗಿ ಕೇಳ್ದದ್ದು" ಎಂದಳು. ಅವರ ಮನೆಯಲ್ಲಿ ಕೆಲಸದವಳು ಇಲ್ಲ ಎಂದು ಓಣಿಗೆಲ್ಲ ಗೊತ್ತಿತ್ತು. ನಂತರ ಗಂಟಲು ಸರಿಮಾಡಿಕೊಂಡು, "ಇರ್ಲಿ. ಬಂಗಡೆ ಹೆಂಗೆ?" ಎಂದು ನನ್ನ ಬುಟ್ಟಿಗೆ ಎರಡೂ ಕೈ ಎತ್ತಿದಳು.

ಆ ಎರಡು ಕೈಗಾಗಿ ನಾನು ಎಷ್ಟು ದಿನ ಬಿಸಿಲಲ್ಲಿ ನಿಂತಿದ್ದೆ. ಕುತ್ತಿಗೆ ಇಳಿಸು ಇಳಿಸು ಎನ್ನುತ್ತಿತ್ತು. ಹೊಟ್ಟೆಯೂ ಅದನ್ನೇ ಹೇಳುತ್ತಿತ್ತು.

"ನಿಮ್ಗೆ ಕೊಡೂದಿಲ್ಲ" ಎಂದೆ.

ಯಾರೂ ಕೊಡಲಿಲ್ಲ. ಕಾಮಿಯೂ ಕೊಡಲಿಲ್ಲ. ಆ ಓಣಿಯಲ್ಲಿ ಅಂದು ಎಲ್ಲ ಅಳಿಯಂದಿರೂ ಬೇಳೆ ಸಾರು ಉಂಡರು. ನಾವು ಪೇಟೆಗೆ ಹೋಗಿ, ಒಬ್ಬರ ಬುಟ್ಟಿ ಒಬ್ಬರು ಇಳಿಸಿ, ಸಿಕ್ಕಿದ ಬೆಲೆಗೆ ಮಾರಿದೆವು. ನಷ್ಟವಾಯಿತು. ಸುಳ್ಳು ಯಾಕೆ ಹೇಳಲಿ.

ಸೋಮವಾರ ನಾನು ಕಾರವಾರದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ಬಸ್ಸು ಹೊರಡುವ ಹೊತ್ತಿಗೆ ಗೋದಾವರಿ ಹತ್ತಿದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಹೂವಿನ ಬುಟ್ಟಿ. ದೇವಸ್ಥಾನಕ್ಕೆ ಹೊರಟವಳ ಹಾಗೆ. ನನ್ನ ಪಕ್ಕದ ಸೀಟು ಖಾಲಿಯಿತ್ತು. ಅವಳು ನೋಡಿದಳು. ಕಂಡಕ್ಟರನ ಪಕ್ಕ ಕಂಬ ಹಿಡಿದು ಕಾರವಾರದವರೆಗೆ ನಿಂತೇ ಬಂದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನ ಹೊಟ್ಟೆ ಒತ್ತಿ ನೋಡಿ, ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಬೈದರು. ಒಳಗೆ ಸೋಂಕಾಗಿದೆ, ಗಂಡನೂ ಮಾತ್ರೆ ತಿನ್ನಬೇಕು ಎಂದರು. ರಕ್ತವನ್ನೂ ಪರೀಕ್ಷೆ ಮಾಡಿಸು ಎಂದು ಕಳಿಸಿದರು. ಅದು ನನಗಾಗಿ ಮಾಡಿಸಿದೆ, ಬೊಬ್ರುವಾಡಕ್ಕಾಗಿ ಅಲ್ಲ. ಏನು ಬಂತು ಎಂದು ನೀವು ಕೇಳುತ್ತೀರಿ. ಇಷ್ಟು ಓದಿದ ಮೇಲೂ ಕೇಳುತ್ತೀರಿ.

ರಕ್ತ ಪರೀಕ್ಷೆಯ ಕೋಣೆಯ ಹೊರಗೆ ಒಂದೇ ಬೆಂಚು ಇತ್ತು. ನಾನು ಒಂದು ತುದಿಯಲ್ಲಿ ಕೂತಿದ್ದೆ. ಗೋದಾವರಿ ಗೋಡೆಗೆ ಒರಗಿ ನಿಂತಳು. ಬಹಳ ಹೊತ್ತು ನಿಂತಳು. ಕಾಲು ಸೋತಿರಬೇಕು, ಬಂದು ನನ್ನ ಪಕ್ಕ ಕೂತಳು. ಅವಳ ಸೀರೆ ನನ್ನ ಸೀರೆಗೆ ತಾಗಿತು. ಅವಳು ಅಳುತ್ತಿದ್ದಳು. ಸದ್ದಿಲ್ಲದೆ ಅಳುವುದು ಹೇಗೆ ಎಂದು ಅವಳಿಗೆ ಚೆನ್ನಾಗಿ ಬರುತ್ತಿತ್ತು. ನನಗೆ ಪಾಪ ಅನ್ನಿಸಿತು. ಸಿಟ್ಟು ಮಾತ್ರ ಹೋಗಲಿಲ್ಲ.

"ಸುಮಲತಾ, ನಾ ಇಲ್ಲಿ ಬಂದದ್ದು ಊರಲ್ಲಿ ಹೇಳ್ಬೇಡ್ವೆ."

"ನಾ ಎಂತಕ್ಕೆ ಹೇಳ್ಲಿ ಬಾಯಿ? ನೀವೇ ಒಂದ್ ಮಾತು ಹೇಳ್ಬೇಕು. ಬೇರೆಂತ ಬೇಡ. ಸುಮಲತಾನ ಬಾಜೂಕೆ ಕೂತಿದ್ದೆ, ನಂಗೆಂತ ಆಗ್ಲಿಲ್ಲ ಅಂತ. ನಿಮ್ ಓಣಿಲಿ ನಿಂತು ಹೇಳಿ. ಹೇಳಿದ್ ದಿನ ನಾ ಮೀನ್ ತತ್ತೆ."

ಅವಳು ತಲೆಯಾಡಿಸಿದಳು. ಹೇಳುತ್ತೇನೆ ಎಂದೋ, ಆಗುವುದಿಲ್ಲ ಎಂದೋ ಗೊತ್ತಾಗಲಿಲ್ಲ. ಒಳಗಿನಿಂದ ಅವಳನ್ನು ಕರೆದರು.

ಮೂರು ಬಂಗಡೆ ಹಂಗಾಮು ಮುಗಿದವು. ಅವಳು ಹೇಳಿಲ್ಲ. ನಾನು ಅವಳ ಓಣಿಗೆ ಕಾಲಿಟ್ಟಿಲ್ಲ, ಬಸ್ ಸ್ಟ್ಯಾಂಡಿನ ಬದಿಯಲ್ಲೇ ಕೂತು ಮಾರುತ್ತೇನೆ. ನಾನೂ ಅವಳ ವಿಷಯ ಯಾರಿಗೂ ಹೇಳಿಲ್ಲ. ಇಲ್ಲಿ ಬರೆದಿದ್ದೇನಲ್ಲ ಎಂದರೆ, ಗೋದಾವರಿ ಎಂಬುದು ಅವಳ ಹೆಸರಲ್ಲ. ಅವಳಿಗೆ ಮಗಳ ಮನೆಯಿದೆ, ಅಳಿಯನಿದ್ದಾನೆ, ಮಾನವಿದೆ ಎಂದು ಬದಲಿಸಿದ್ದೇನೆ. ಓಣಿಯನ್ನೂ ಬದಲಿಸಿದ್ದೇನೆ.

ಸುಮಲತಾ ನನ್ನದೇ ಹೆಸರು. ಬೆಳಂಬಾರ ನನ್ನದೇ ಊರು. ಅವನ್ನು ಬದಲಿಸಿ ಮುಚ್ಚಿಡಲು ನನಗೆ ಯಾರೂ ಏನೂ ಉಳಿಸಿರಲಿಲ್ಲ.